ಮಧ್ಯಯುಗದ ಕಲಾವಿದರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲವೇ?

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ಕಲೆಯ ಬೆಳವಣಿಗೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಲೇಖನಮಾಲೆಯನ್ನು ಮೊದಲ ಕಂತಿನಿಂದಲೂ ಆಸಕ್ತಿಯಿಂದ ಓದುತ್ತಿದ್ದೇನೆ. ಭಾಷೆ ತಿಳಿಯಾಗಿದೆ, ಆಯ್ದ ಚಿತ್ರಗಳೂ ಚೆನ್ನಾಗಿವೆ. ಆದರೆ ಇಡೀ ಮಾಲೆಯ ಬೆನ್ನೆಲುಬಾಗಿರುವ ಒಂದು ನಂಬಿಕೆಯನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಗ್ರೀಕರು ಮತ್ತು ರೋಮನರು ಮನುಷ್ಯನ ದೇಹವನ್ನು ಇದ್ದಂತೆಯೇ ಕೆತ್ತಲು ಕಲಿತಿದ್ದರು, ರೋಮ್ ಬಿದ್ದ ಮೇಲೆ ಸುಮಾರು ಸಾವಿರ ವರ್ಷ ಆ ವಿದ್ಯೆ ಮರೆತುಹೋಯಿತು, ಇಟಲಿಯ ಚಿತ್ರಕಾರ ಜೊಟ್ಟೊ ಅದನ್ನು ಮತ್ತೆ ಎಚ್ಚರಿಸಿದ, ದೂರದ್ದು ಕಿರಿದಾಗಿ ಕಾಣುವಂತೆ ಬರೆದು ಆಳವನ್ನು ತೋರಿಸುವ ಯಥಾದೃಷ್ಟಿಯ (ಪರ್ಸ್ಪೆಕ್ಟಿವ್) ನಿಯಮಗಳು ಸಿಕ್ಕ ಮೇಲೆ ಲಿಯೊನಾರ್ಡೊ ಮತ್ತು ಮೈಕೆಲೆಂಜೆಲೊ ಅದನ್ನು ತುತ್ತತುದಿಗೆ ಒಯ್ದರು ಎಂಬುದು ಲೇಖಕರ ನಿರೂಪಣೆಯ ಸಾರ. ಒಂದೊಂದು ತಲೆಮಾರೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತಿರುವ ಏಣಿಯಂತೆ ಕಲೆಯ ಚರಿತ್ರೆಯನ್ನು ನೋಡುವ ಈ ಕ್ರಮ ಓದಲು ಹಿತವಾಗಿರುತ್ತದೆ. ಆದರೆ ಅದು ಕೆಳಗಿನ ಮೆಟ್ಟಿಲುಗಳಲ್ಲಿ ಕೂರಿಸಿದ ಕೃತಿಗಳನ್ನು ನಾವು ನೋಡದಂತೆ ಮಾಡುತ್ತದೆ ಎಂಬುದೇ ನನ್ನ ಆಕ್ಷೇಪ.

ಈ ಕಥೆಯನ್ನು ಮೊದಲು ಇಷ್ಟು ಸಮರ್ಥವಾಗಿ ಕಟ್ಟಿದವನು ಜಾರ್ಜೊ ವಸಾರಿ. ಇಟಲಿಯ ಚಿತ್ರಕಾರರು, ಶಿಲ್ಪಿಗಳು ಮತ್ತು ವಾಸ್ತುಶಿಲ್ಪಿಗಳ ಜೀವನ ಚರಿತ್ರೆಗಳನ್ನು ಅವನು 1550ರಲ್ಲಿ ಪ್ರಕಟಿಸಿದ, 1568ರಲ್ಲಿ ಹಿಗ್ಗಿಸಿ ಮತ್ತೆ ಹೊರತಂದ. ವಸಾರಿ ಸ್ವತಃ ಚಿತ್ರಕಾರ, ಫ್ಲಾರೆನ್ಸಿನ ದೊರೆ ಕೊಸಿಮೊ ದೆ ಮೆಡಿಚಿಯ ಸೇವೆಯಲ್ಲಿದ್ದವನು, ತನ್ನ ಸೀಮೆಯ ಕಲೆಯೇ ಎಲ್ಲದರ ಶಿಖರ ಎಂದು ಮನಸಾರೆ ನಂಬಿದ್ದವನು. ಅವನ ಗ್ರಂಥವಿಲ್ಲದಿದ್ದರೆ ನಮಗೆ ಎಷ್ಟೋ ಸಂಗತಿಗಳು ತಿಳಿಯುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಅವನ ತೀರ್ಪುಗಳು ಒಂದು ಊರಿನ, ಒಂದು ಕಾಲದ ತೀರ್ಪುಗಳು. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಯ ಮೇಲೆ ಹದಿನೈದನೆಯ ಶತಮಾನದ ಚಿತ್ರಕಾರ ಮಸಾಚೊ ಬರೆದ ತ್ರಯೈಕ್ಯದ (ತಂದೆ, ಮಗ, ಪವಿತ್ರಾತ್ಮ) ಭಿತ್ತಿಚಿತ್ರವನ್ನು ವಸಾರಿ ತನ್ನ ಗ್ರಂಥದಲ್ಲಿ ಮೆಚ್ಚಿ ಬರೆದಿದ್ದಾನೆ. 1570ರ ಸುಮಾರಿಗೆ ಅದೇ ಚರ್ಚನ್ನು ಹೊಸ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವ ಕೆಲಸ ಅವನ ಪಾಲಿಗೆ ಬಂದಾಗ, ಅದೇ ಚಿತ್ರದ ಮುಂದೆ ಹೊಸ ಬಲಿಪೀಠವನ್ನೂ ಅದಕ್ಕೆ ತಾನೇ ಬರೆದ ಚಿತ್ರವನ್ನೂ ನಿಲ್ಲಿಸಿದ. ಮಸಾಚೊನ ಚಿತ್ರ ಮತ್ತೆ ಬೆಳಕು ಕಂಡದ್ದು ಸುಮಾರು 1860ರಲ್ಲಿ. ಮೆಚ್ಚಿದ ಕೃತಿಯನ್ನೇ ಮರೆಮಾಡಬೇಕಾಗಿ ಬಂದ ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೇ ಅಂಶ: ಒಂದು ಚಿತ್ರ ಎಲ್ಲಿ, ಹೇಗೆ, ಎಷ್ಟು ಕಾಲ ಇರಬೇಕೆಂಬುದನ್ನು ನಿರ್ಧರಿಸುತ್ತಿದ್ದದ್ದು ಅದರ ಕೌಶಲವೊಂದೇ ಅಲ್ಲ, ಆ ಜಾಗದಲ್ಲಿ ಜನ ಏನು ಮಾಡುತ್ತಿದ್ದರು ಎಂಬುದೂ ಹೌದು.

ಕೌಶಲ ಕಳೆದುಹೋಯಿತು ಎಂಬ ವಾದಕ್ಕೆ ಲೇಖಕರು ಕೊಟ್ಟಿರುವ ಸಾಕ್ಷಿ ರೋಮಿನ ಕಾನ್‌ಸ್ಟಂಟೈನನ ವಿಜಯ ಕಮಾನು. ಕ್ರಿ.ಶ. 315ರಲ್ಲಿ ಪೂರ್ಣಗೊಂಡ ಈ ಕಮಾನಿನಲ್ಲಿ ಟ್ರಾಜನ್, ಹೇಡ್ರಿಯನ್ ಮತ್ತು ಮಾರ್ಕಸ್ ಆರೇಲಿಯಸ್ ಕಾಲದ ಸ್ಮಾರಕಗಳಿಂದ ತಂದು ಕೂಡಿಸಿದ ಹಳೆಯ ಉಬ್ಬುಶಿಲ್ಪಗಳೂ ಕಾನ್‌ಸ್ಟಂಟೈನನ ಕಾಲದಲ್ಲೇ ಕೆತ್ತಿದ ಹೊಸ ಪಟ್ಟಿಕೆಗಳೂ ಪಕ್ಕಪಕ್ಕದಲ್ಲಿವೆ. ಹಳೆಯವುಗಳಲ್ಲಿ ದೇಹಗಳು ಬಳುಕುತ್ತವೆ, ಬಟ್ಟೆಯ ನಿರಿಗೆಗಳ ಒಳಗೆ ಮೈ ಇದೆ ಎನಿಸುತ್ತದೆ. ಹೊಸವುಗಳಲ್ಲಿ ಆಕೃತಿಗಳು ಗಿಡ್ಡ, ತಲೆಗಳು ದೊಡ್ಡವು, ನಿರಿಗೆಗಳು ಬರಿಯ ಗೀರುಗಳು. ಮೊದಲ ನೋಟಕ್ಕೆ ಇದು ಪತನವೇ ಸರಿ. ಆದರೆ ಚಕ್ರವರ್ತಿ ಹಣ ಹಂಚುವ ಪಟ್ಟಿಕೆಯನ್ನು ಸ್ವಲ್ಪ ಹೊತ್ತು ನೋಡಬೇಕು. ಅವನು ನಟ್ಟನಡುವೆ, ಎಲ್ಲರಿಗಿಂತ ದೊಡ್ಡವನಾಗಿ, ನೇರ ನಮ್ಮತ್ತ ಮುಖಮಾಡಿ ಕುಳಿತಿದ್ದಾನೆ. ಅಧಿಕಾರಿಗಳು ಮೇಲಿನ ಸಾಲಿನಲ್ಲಿದ್ದಾರೆ, ಕೈಯೆತ್ತಿದ ಜನ ಕೆಳಗಿನ ಸಾಲಿನಲ್ಲಿದ್ದಾರೆ. ಎತ್ತರದಲ್ಲಿರುವ ಕಿರಿದಾದ ಪಟ್ಟಿಯನ್ನು ಕೆಳಗಿನಿಂದ ತಲೆಯೆತ್ತಿ ನೋಡುವವನಿಗೆ ಯಾರು ದೊರೆ, ಯಾರು ಅಧಿಕಾರಿ, ಯಾರು ಪ್ರಜೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ನುರಿತ ಶಿಲ್ಪಿಗಳ ಕೊರತೆಯೂ ಆಗ ಇದ್ದಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಸ್ವಲ್ಪ ಮೊದಲೇ, ಸುಮಾರು 300ರಲ್ಲಿ, ಕೆತ್ತಲು ಅತಿ ಕಠಿಣವಾದ ಪಾರ್ಫಿರಿ ಎಂಬ ಕೆನ್ನೇರಳೆ ಕಲ್ಲಿನಲ್ಲಿ ರೋಮ್ ಸಾಮ್ರಾಜ್ಯವನ್ನು ಹಂಚಿಕೊಂಡು ಆಳುತ್ತಿದ್ದ ನಾಲ್ವರು ಅರಸರ ಪ್ರತಿಮೆಗಳನ್ನು ಇದೇ ಶೈಲಿಯಲ್ಲಿ ಮಾಡಿಸಲಾಗಿತ್ತು. ಇಂದು ವೆನಿಸ್ಸಿನ ಸಂತ ಮಾರ್ಕನ ಚರ್ಚಿನ ಮೂಲೆಯಲ್ಲಿರುವ ಆ ಪ್ರತಿಮೆಗಳಲ್ಲಿ ಯಾರು ಯಾರೆಂದು ಗುರುತಿಸುವುದೇ ಕಷ್ಟ. ನಾಲ್ವರೂ ಒಂದೇ ಅಧಿಕಾರ ಎಂದು ಸಾರಬೇಕಾಗಿದ್ದಾಗ ಒಬ್ಬೊಬ್ಬನ ಮುಖಲಕ್ಷಣವನ್ನು ಬೇರೆಬೇರೆಯಾಗಿ ಕೆತ್ತುವುದು ಉದ್ದೇಶಕ್ಕೆ ವಿರುದ್ಧವಾಗುತ್ತಿತ್ತು. ಇನ್ನು ಹಳೆಯ ವಿದ್ಯೆ ಸತ್ತೇಹೋಗಿತ್ತೇ ಎಂದರೆ, 359ರಲ್ಲಿ ತೀರಿಕೊಂಡ ರೋಮ್ ನಗರದ ಆಡಳಿತಾಧಿಕಾರಿ ಜೂನಿಯಸ್ ಬಾಸಸ್‌ನ ಅಮೃತಶಿಲೆಯ ಶವಪೆಟ್ಟಿಗೆ ನಮ್ಮ ಮುಂದಿದೆ. ಅದರಲ್ಲಿ ಬೈಬಲಿನ ಪ್ರಸಂಗಗಳ ವ್ಯಕ್ತಿಗಳು ಹಳೆಯ ರೋಮನ್ ಶಿಲ್ಪದ ಮೃದುತ್ವದಿಂದಲೇ ಅರಳಿ ನಿಂತಿದ್ದಾರೆ. ಕಮಾನು ಆಗಿ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಆ ಕೈಗಳು ಬದುಕಿದ್ದವು ಎಂದಾಯಿತಲ್ಲ.

ಇಟಲಿಯ ರವೆನ್ನಾದ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್‌ಗಳನ್ನು ಲೇಖಕರು ‘ಚಲನೆಯಿಲ್ಲದ, ಆಳವಿಲ್ಲದ’ ಚಿತ್ರಗಳೆಂದು ಎರಡೇ ಸಾಲಿನಲ್ಲಿ ಮುಗಿಸಿದ್ದಾರೆ. 547ರಲ್ಲಿ ಪ್ರತಿಷ್ಠೆಗೊಂಡ ಆ ಚರ್ಚಿನಲ್ಲಿ ಬಲಿಪೀಠದ ಎಡಬಲಗಳಲ್ಲಿ ಚಕ್ರವರ್ತಿ ಜಸ್ಟಿನಿಯನ್ ಮತ್ತು ರಾಣಿ ಥಿಯೊಡೋರಾ ತಮ್ಮ ಪರಿವಾರದೊಂದಿಗೆ ನಿಂತಿದ್ದಾರೆ. ಅವನ ಕೈಯಲ್ಲಿ ರೊಟ್ಟಿಯ ತಟ್ಟೆ, ಅವಳ ಕೈಯಲ್ಲಿ ದ್ರಾಕ್ಷಾರಸದ ಪಾತ್ರೆ. ಅಧಿಕಾರಕ್ಕೆ ಬಂದ ಮೇಲೆ ಇಬ್ಬರೂ ರವೆನ್ನಾಕ್ಕೆ ಕಾಲಿಟ್ಟವರಲ್ಲ. ಆ ಗೋಡೆಯ ಮೇಲೆ ಮಾತ್ರ ಅವರು ಅಲ್ಲಿ ನಡೆಯುವ ಪ್ರತಿಯೊಂದು ಪೂಜೆಗೂ ಕಾಣಿಕೆ ಹೊತ್ತು ಬಂದು ನಿಂತಿರುತ್ತಾರೆ. ಇದು ಒಂದು ದಿನ ನಡೆದ ಮೆರವಣಿಗೆಯ ವರದಿಯಲ್ಲ, ಎಂದೆಂದಿಗೂ ನಡೆಯುತ್ತಿರುವ ಸೇವೆ. ಹೀಗಿರುವಾಗ ಅವರ ಕಾಲ ಕೆಳಗೆ ನೆರಳು ಬೀಳುವುದು, ಹಿಂದೆ ಬೀದಿಯೊಂದು ದೂರಕ್ಕೆ ಕಿರಿದಾಗುತ್ತ ಹೋಗುವುದು ಯಾವ ಅರ್ಥವನ್ನು ಕೊಡುತ್ತಿತ್ತು? ಗಾಜಿನ ಹರಳುಗಳನ್ನು ಗಾರೆಯಲ್ಲಿ ಸಮತಟ್ಟಾಗಿ ಕೂರಿಸದೆ ಸ್ವಲ್ಪಸ್ವಲ್ಪ ವಾಲಿಸಿ ಕೂರಿಸಿದ್ದರಿಂದ, ನೋಡುವವನು ಹೆಜ್ಜೆಯಿಟ್ಟಂತೆ, ದೀಪದ ಕುಡಿ ಅಲುಗಿದಂತೆ ಚಿನ್ನದ ಹಿನ್ನೆಲೆ ಮಿನುಗಿ ಸರಿಯುತ್ತದೆ. ಚಲನೆ ಆಕೃತಿಗಳಲ್ಲಿಲ್ಲ, ಬೆಳಕಿನಲ್ಲಿದೆ. ಅಚ್ಚಾದ ಪುಟದಲ್ಲಿ ಅದು ಕಾಣುವುದಿಲ್ಲ.

ಮುಂದಿನ ಐದಾರು ಶತಮಾನಗಳ ಬಗ್ಗೆ ಇಲ್ಲಿ ವಿವರವಾಗಿ ಬರೆಯಲು ಹೋಗುವುದಿಲ್ಲ. ಆದರೂ ಬಿಂಬಗಳು ಇರಬೇಕೇ ಬೇಡವೇ ಎಂಬ ಪ್ರಶ್ನೆಯೇ ಜನರನ್ನು ಎರಡು ಪಾಳೆಯಗಳಾಗಿ ಒಡೆದ ಕಾಲವದು ಎಂಬುದನ್ನು ಲೇಖನ ಬಿಟ್ಟುಬಿಟ್ಟಿದ್ದು ಸರಿಯಲ್ಲ. ಸುಮಾರು 600ರಲ್ಲಿ ಮಾರ್ಸೇಯ ಬಿಷಪ್ ಸೆರೆನಸ್ ತನ್ನ ಚರ್ಚಿನ ಬಿಂಬಗಳನ್ನು ಒಡೆಸಿದಾಗ, ಓದು ಬಾರದವರು ಗೋಡೆಯನ್ನು ನೋಡಿ ತಿಳಿಯಲಿ ಎಂಬ ಕಾರಣಕ್ಕೆ ಚಿತ್ರಗಳಿರಬೇಕೆಂದು ಪೋಪ್ ಗ್ರೆಗರಿ ಅವನಿಗೆ ಪತ್ರ ಬರೆದ. ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್ಮಿನಲ್ಲಿ ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ಬಿಂಬಭಂಜನೆ ರಾಜ್ಯದ ನೀತಿಯೇ ಆಗಿ, 843ರಲ್ಲಿ ಕೊನೆಗೊಂಡಿತು. ಚಿತ್ರಕ್ಕಾಗಿ ಜನ ಇಷ್ಟು ಹೋರಾಡಿದ ಕಾಲವನ್ನು ಕಲೆಯ ನಿದ್ರಾವಸ್ಥೆ ಎನ್ನುವುದು ಹೇಗೆ? ಕರುವಿನ ಚರ್ಮದ ಹಾಳೆಗಳ ಮೇಲೆ ಸುಮಾರು 800ರಲ್ಲಿ ಬರೆದ, ಕೆಲ್ಸ್ ಗ್ರಂಥವೆಂಬ ಸುವಾರ್ತೆಗಳ ಹಸ್ತಪ್ರತಿಯ ಒಂದು ಅಕ್ಷರವನ್ನು ಹೆಣೆದ ಬಳ್ಳಿಗಳ ಎಳೆ ಹಿಡಿದು ನೋಡಿದವರು ಆ ಸನ್ಯಾಸಿಗಳಿಗೆ ಕೈಹಿಡಿತ ಸಾಲದೆಂದು ಹೇಳಲಾರರು. 1144ರಲ್ಲಿ ಮಠಾಧಿಪತಿ ಸುಜೆ ಪ್ಯಾರಿಸ್ ಬಳಿಯ ಸಾಂ ದೆನಿ ಚರ್ಚಿನ ಹೊಸ ಗರ್ಭಭಾಗವನ್ನು ಪ್ರತಿಷ್ಠಾಪಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಬೆಳಕಿನ ಒಂದು ದೈವಶಾಸ್ತ್ರ. ಮೊನಚು ಕಮಾನು, ಪಕ್ಕೆಲುಬಿನಂಥ ಚಾವಣಿಯ ಆಧಾರಗಳು ಕಟ್ಟಡದ ಭಾರವನ್ನು ಕಂಬಗಳಿಗೆ ಇಳಿಸಿದ್ದರಿಂದ ಗೋಡೆ ತೆಳುವಾಗಿ ಬಣ್ಣದ ಗಾಜಿಗೆ ಜಾಗ ಸಿಕ್ಕಿತು. 1194ರ ಬೆಂಕಿಯ ನಂತರ ಮತ್ತೆ ಎದ್ದುನಿಂತ ಶಾರ್ತ್ರ್ ಕೆಥೆಡ್ರಲ್ಲಿನ ಕಿಟಕಿಗಳ ನೀಲಿಯ ಮುಂದೆ, ಅದರಲ್ಲಿನ ಆಕೃತಿಗಳ ಮೂಗು ಕಣ್ಣು ಅಳತೆಗೆ ಸರಿಯಿವೆಯೇ ಎಂದು ಕೇಳುವುದರಲ್ಲಿ ಹುರುಳಿಲ್ಲ.

ಜೊಟ್ಟೊನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಲೇಖಕರ ವಾದವೆಲ್ಲ ಅವನ ಮೇಲೆ ನಿಂತಿದೆ. ಪಾದುವಾದಲ್ಲಿ ಎನ್ರಿಕೊ ಸ್ಕ್ರೊವೆನ್ಯಿ ಎಂಬ ಶ್ರೀಮಂತ ಕಟ್ಟಿಸಿ, 1305ರಲ್ಲಿ ಪ್ರತಿಷ್ಠೆ ಮಾಡಿಸಿದ ಪ್ರಾರ್ಥನಾ ಮಂದಿರದ ಗೋಡೆಗಳಲ್ಲಿ ಜೊಟ್ಟೊ ಬರೆದ ಜನ ನಿಜಕ್ಕೂ ಅಳುತ್ತಾರೆ, ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ. ಎನ್ರಿಕೊನ ತಂದೆಯನ್ನು ಡಾಂಟೆ ತನ್ನ ಕಾವ್ಯದಲ್ಲಿ ಬಡ್ಡಿ ವ್ಯಾಪಾರಿಗಳ ಜೊತೆ ನರಕದಲ್ಲಿ ಕೂರಿಸಿದ್ದಾನೆ ಎಂಬುದನ್ನು ನೆನೆದರೆ, ಮನೆತನದ ಪಾಪ ತೊಳೆಯುವ ಆಸೆಯೂ ಆ ಕಟ್ಟಡದ ಹಿಂದೆ ಇದ್ದಿರಬಹುದೆಂದು ಅನೇಕರು ಹೇಳಿರುವುದು ಅರ್ಥವಾಗುತ್ತದೆ. ಅಂತ್ಯನ್ಯಾಯದ ಗೋಡೆಯಲ್ಲಿ ಎನ್ರಿಕೊ ಮಂಡಿಯೂರಿ ಆ ಮಂದಿರದ ಮಾದರಿಯನ್ನೇ ಅರ್ಪಿಸುತ್ತಿದ್ದಾನೆ. ಕುಟುಂಬದ ಜನ ಹತ್ತಿರದಿಂದ ನೋಡುತ್ತ ಪಶ್ಚಾತ್ತಾಪ ಪಡಬೇಕಾದ ಜಾಗಕ್ಕೆ, ಮನುಷ್ಯರ ನೋವು ನಲಿವು ಕಾಣುವ ಕಥನವೇ ತಕ್ಕದ್ದಾಗಿತ್ತು. ಆದರೆ ಇದಾದ ಕೆಲವೇ ವರ್ಷಗಳಲ್ಲಿ, ಸುಮಾರು 1310ರಲ್ಲಿ, ಅದೇ ಜೊಟ್ಟೊ ಫ್ಲಾರೆನ್ಸಿನ ಓನಿಸಾಂತಿ ಚರ್ಚಿಗಾಗಿ ಮೂರು ಮೀಟರಿಗಿಂತ ಎತ್ತರದ ಮರದ ಹಲಗೆಯ ಮೇಲೆ ಮೇರಿಮಾತೆಯನ್ನು ಬರೆದ. ಅಲ್ಲಿ ಹಿನ್ನೆಲೆಯೆಲ್ಲ ಚಿನ್ನ. ಮೇರಿ ಉಳಿದವರಿಗಿಂತ ಎಷ್ಟೋ ಪಟ್ಟು ದೊಡ್ಡವಳು, ದೇವದೂತರೂ ಸಂತರೂ ಅವಳ ಸುತ್ತ ಕಿಕ್ಕಿರಿದು ನಿಂತ ಚಿಕ್ಕವರು. ಜೊಟ್ಟೊ ಐದು ವರ್ಷಗಳಲ್ಲಿ ಕಲಿತದ್ದನ್ನು ಮರೆತನೇ? ಆ ಹಲಗೆ ಪೂಜಿಸುವ ಜನರ ಎದುರು, ದೂರದಿಂದಲೂ ಕಾಣುವಂತೆ, ಮಬ್ಬು ಬೆಳಕಿನಲ್ಲಿ ನಿಲ್ಲಬೇಕಾಗಿತ್ತು. ಒಂದೇ ಕೈ ಎರಡು ಜಾಗಗಳಿಗೆ ಎರಡು ರೀತಿ ಬರೆಯಿತು.

ಈ ಚಿನ್ನದ ಹಲಗೆಗಳನ್ನು ತಯಾರಿಸುತ್ತಿದ್ದ ಕ್ರಮ ತಿಳಿದರೆ ಅವುಗಳ ಮೇಲಿನ ಗೌರವ ಹೆಚ್ಚುತ್ತದೆ. ಸುಮಾರು 1400ರಲ್ಲಿ ಚೆನ್ನಿನೊ ಚೆನ್ನಿನಿ ಕಸುಬಿನವರಿಗಾಗಿ ಬರೆದ ಕೈಪಿಡಿಯಲ್ಲಿ ಎಲ್ಲವೂ ಇದೆ. ಪಾಪ್ಲರ್ ಮರದ ಹಲಗೆಗೆ ಪ್ರಾಣಿಚರ್ಮದ ಅಂಟು ಬಳಿದು, ನಾರುಬಟ್ಟೆ ಅಂಟಿಸಿ, ಜಿಪ್ಸಮ್ ಲೇಪವನ್ನು ಪದರಪದರವಾಗಿ ಹಚ್ಚಿ ದಂತದಂತೆ ನುಣುಪಾಗಿಸಬೇಕು. ಚಿನ್ನ ಕೂರುವ ಕಡೆ ಕೆಂಪು ಜೇಡಿಯ ಲೇಪ ಕೊಟ್ಟು, ಉಸಿರು ತಾಗಿದರೂ ಹಾರುವ ಚಿನ್ನದ ರೇಕನ್ನು ಕೂರಿಸಿ, ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ಉಜ್ಜಿ ಹೊಳಪೇರಿಸಬೇಕು. ಅದಾದ ಮೇಲೆಯೇ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ. ಅದು ಬಳಿದೊಡನೆ ಒಣಗುವುದರಿಂದ ಕುಂಚದ ಸಣ್ಣ ಸಣ್ಣ ಗೀಟುಗಳನ್ನು ಒತ್ತೊತ್ತಾಗಿ ಎಳೆದೇ ಮೈಯ ದುಂಡನ್ನು ತರಬೇಕು. ಸಿಯೆನಾದ ಚಿತ್ರಕಾರ ದೂಚೊ ಹೀಗೆ ಸಿದ್ಧಪಡಿಸಿದ, ಸಿಂಹಾಸನದಲ್ಲಿ ಕುಳಿತ ಮೇರಿಯ ಬಲಿಪೀಠ ಚಿತ್ರ ‘ಮಾಯೆಸ್ತಾ’ 1311ರ ಜೂನ್ 9ರಂದು ಅವನ ಕಾರ್ಯಾಗಾರದಿಂದ ಸಿಯೆನಾ ಕೆಥೆಡ್ರಲ್ಲಿಗೆ ಹೋದಾಗ ಊರಿನ ಅಂಗಡಿಗಳು ಮುಚ್ಚಿದವು, ಗಂಟೆಗಳು ಮೊಳಗಿದವು, ಅಧಿಕಾರಿಗಳೂ ಪಾದ್ರಿಗಳೂ ಜನರೂ ಮೆರವಣಿಗೆಯಲ್ಲಿ ನಡೆದರು. 1771ರಲ್ಲಿ ಅದನ್ನು ಗರಗಸದಿಂದ ಕೊಯ್ದು ಬಿಡಿಸಲಾಯಿತು. ಅದರ ಕೆಲವು ತುಣುಕುಗಳು ಇಂದು ಬೇರೆ ಬೇರೆ ದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದೊಂದು ತುಣುಕಿನ ಮುಂದೆ ನಿಂತು ‘ಇದರಲ್ಲಿ ಆಳವಿಲ್ಲ’ ಎಂದು ಷರಾ ಬರೆಯುವುದು ಸುಲಭ. ಒಂದು ಊರು ಹಿಂಬಾಲಿಸಿ ನಡೆದ ವಸ್ತುವಿನ ಚೂರು ಅದೆಂಬುದು ಆ ಷರಾದಲ್ಲಿ ಬರುವುದಿಲ್ಲ.

ಯಥಾದೃಷ್ಟಿಯ ಗಣಿತ ಸಿಕ್ಕಿದ್ದು ದೊಡ್ಡ ಘಟನೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಫ್ಲಾರೆನ್ಸಿನ ದೀಕ್ಷಾಸ್ನಾನ ಮಂದಿರದ ಮುಂದೆ ಕನ್ನಡಿ ಹಿಡಿದು ಅದನ್ನು ತೋರಿಸಿಕೊಟ್ಟದ್ದು, ಮಸಾಚೊ ಸುಮಾರು 1427ರಲ್ಲಿ ಗೋಡೆಯಲ್ಲಿ ಇಲ್ಲದ ಮಂಟಪವನ್ನು ಕೊರೆದಂತೆ ಬರೆದದ್ದು, ಆಲ್ಬೆರ್ಟಿ 1435ರಲ್ಲಿ ಅದರ ಸೂತ್ರಗಳನ್ನು ಬರಹಕ್ಕಿಳಿಸಿದ್ದು, ಇವೆಲ್ಲ ಕಲೆಯ ಚರಿತ್ರೆಯ ರೋಮಾಂಚಕ ಪುಟಗಳೇ. ಆದರೆ ಅದೇ ಊರಿನಲ್ಲಿ, ಮಸಾಚೊನ ಗೋಡೆಗೆ ನಾಲ್ಕು ವರ್ಷ ಮೊದಲು, 1423ರಲ್ಲಿ, ಊರಿನ ಮಹಾಶ್ರೀಮಂತ ಪಾಲ್ಲಾ ಸ್ಟ್ರೊಝಿ ತನ್ನ ಕುಟುಂಬದ ಪ್ರಾರ್ಥನಾ ಕೋಣೆಗೆ ಬರೆಸಿಕೊಂಡದ್ದು ಜೆಂಟೀಲೆ ದಾ ಫಾಬ್ರಿಯಾನೊನ ಚಿನ್ನದಿಂದ ಮೆರೆಯುವ ಜ್ಞಾನಿಗಳ ಆಗಮನವನ್ನು, ಅಂದರೆ ಶಿಶು ಯೇಸುವನ್ನು ಕಾಣಲು ಜ್ಞಾನಿಗಳು ಬಂದ ಪ್ರಸಂಗವನ್ನು. ಯಥಾದೃಷ್ಟಿಯನ್ನು ಚೆನ್ನಾಗಿ ಬಲ್ಲ ಫ್ರಾ ಆಂಜೆಲಿಕೊ 1440ರ ಆಸುಪಾಸಿನಲ್ಲಿ ಸಾನ್ ಮಾರ್ಕೊ ಮಠದ ಸನ್ಯಾಸಿಗಳ ಕೋಣೆಗಳಲ್ಲಿ ಬರೆಯುವಾಗ ಅಲಂಕಾರವನ್ನೂ ದೂರದ ನೋಟವನ್ನೂ ಬಹಳಷ್ಟು ಬಿಟ್ಟುಕೊಟ್ಟ, ಏಕೆಂದರೆ ಅಲ್ಲಿ ಒಬ್ಬನೇ ಕುಳಿತು ಧ್ಯಾನಿಸಬೇಕಾಗಿತ್ತು.

ಲೇಖನಮಾಲೆಯಲ್ಲಿ ನನಗೆ ಅತಿ ಹೆಚ್ಚು ನೋವು ತಂದ ಭಾಗವೆಂದರೆ ಆಲ್ಪ್ಸ್ ಪರ್ವತದ ಉತ್ತರದ ಕಲೆಯನ್ನು ‘ಇಟಲಿಯ ಪ್ರಭಾವ ತಡವಾಗಿ ತಲುಪಿದ ಪ್ರದೇಶ’ ಎಂದು ಕರೆದದ್ದು. ಬ್ರೂಜ್ ನಗರದಲ್ಲಿ ಯಾನ್ ವಾನ್ ಐಕ್ 1434ರಲ್ಲಿ, ಅಂದರೆ ಆಲ್ಬೆರ್ಟಿಯ ಗ್ರಂಥಕ್ಕೆ ಒಂದು ವರ್ಷ ಮೊದಲು, ಆರ್ನೊಲ್ಫಿನಿ ದಂಪತಿಯನ್ನು ಬರೆದ. ಅದರ ನೆಲ, ಚಾವಣಿ, ಕಿಟಕಿಗಳ ಗೆರೆಗಳನ್ನು ಎಳೆದುನೋಡಿದರೆ ಅವು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ, ಗಣಿತದ ದೃಷ್ಟಿಯಿಂದ ಆ ಕೋಣೆ ‘ತಪ್ಪು’. ಆದರೂ ಹಿತ್ತಾಳೆಯ ದೀಪಗೊಂಚಲಿನ ಮೇಲೆ ಬಿದ್ದ ಬೆಳಕು, ನಾಯಿಯ ಕೂದಲು, ಹಿಂದಿನ ಉಬ್ಬುಗನ್ನಡಿಯಲ್ಲಿ ಬಾಗಿ ಕಾಣುವ ಇಡೀ ಕೋಣೆ ಮತ್ತು ಬಾಗಿಲಲ್ಲಿ ನಿಂತ ಇನ್ನಿಬ್ಬರು, ಇವುಗಳ ನಿಜತನಕ್ಕೆ ಸಾಟಿಯಾಗಬಲ್ಲದ್ದು ಆಗ ಫ್ಲಾರೆನ್ಸಿನಲ್ಲಿ ಇರಲಿಲ್ಲ. ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುತ್ತದೆ, ಪಾರದರ್ಶಕವಾದ ತೆಳು ಪದರಗಳನ್ನು ಒಂದರ ಮೇಲೊಂದು ಹರಡಲು ಬಿಡುತ್ತದೆ. ಬೆಳಕು ಆ ಪದರಗಳನ್ನು ಹಾದು ಕೆಳಗಿನ ಬಿಳಿ ಲೇಪಕ್ಕೆ ಬಡಿದು ಹಿಂದಿರುಗುವುದರಿಂದ ಬಣ್ಣ ಒಳಗಿನಿಂದ ಹೊಳೆಯುತ್ತದೆ. ತೈಲವರ್ಣವನ್ನು ವಾನ್ ಐಕನೇ ಕಂಡುಹಿಡಿದ ಎಂಬ ವಸಾರಿಯ ಮಾತನ್ನು ಲೇಖಕರು ಪುನರುಚ್ಚರಿಸಿದ್ದಾರೆ. ಅದು ನಿಜವಲ್ಲ. ಹನ್ನೆರಡನೆಯ ಶತಮಾನದ ಥಿಯೊಫಿಲಸ್‌ನ ಕಸುಬಿನ ಗ್ರಂಥದಲ್ಲೇ ಎಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನವಿದೆ, ನಾರ್ವೆಯ ಹದಿಮೂರನೆಯ ಶತಮಾನದ ಬಲಿಪೀಠದ ಹಲಗೆಗಳಲ್ಲಿ ಅದರ ಬಳಕೆಯೂ ಇದೆ. ವಾನ್ ಐಕ್ ಮಾಡಿದ್ದು ಹಳೆಯ ಸಾಧನದಿಂದ ಹಿಂದೆಂದೂ ಕಾಣದ್ದನ್ನು ಹೊರಡಿಸಿದ್ದು. 1483ರಲ್ಲಿ ಹ್ಯೂಗೊ ವಾನ್ ಡರ್ ಹೂಸ್‌ನ ಬೃಹತ್ ಬಲಿಪೀಠ ಚಿತ್ರ ಫ್ಲಾಂಡರ್ಸ್‌ನಿಂದ ಫ್ಲಾರೆನ್ಸಿಗೆ ಬಂದಿಳಿಯಿತು. ಅದರಲ್ಲಿ ಬಾಯ್ತೆರೆದು ಓಡಿಬಂದ ಒರಟು ಕುರುಬರಿದ್ದಾರೆ. ಎರಡು ವರ್ಷಗಳ ನಂತರ, 1485ರಲ್ಲಿ, ಗಿರ್ಲಂಡಾಯೊ ಸಾಂತಾ ತ್ರಿನಿತಾ ಚರ್ಚಿಗೆ ಬರೆದ ಚಿತ್ರದಲ್ಲಿ ಅಂಥವರೇ ಕುರುಬರು ಮಂಡಿಯೂರಿದ್ದಾರೆ. ಪ್ರಭಾವ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹರಿಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ?

ಹಣ ಕೊಡುವವರ ಮಾತನ್ನೂ ಕೇಳಬೇಕು. ಅದೇ ಗಿರ್ಲಂಡಾಯೊ 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯಕ್ಕೆ ಜ್ಞಾನಿಗಳ ಆಗಮನವನ್ನು ಬರೆದುಕೊಡಲು ಮಾಡಿಕೊಂಡ ಕರಾರುಪತ್ರ ಉಳಿದುಬಂದಿದೆ. ಒಟ್ಟು ಸಂಭಾವನೆ 115 ಫ್ಲಾರಿನ್ (ಫ್ಲಾರೆನ್ಸಿನ ನಾಣ್ಯ). ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯ ಅಲ್ಟ್ರಮರೀನೇ ಆಗಿರಬೇಕೆಂಬ ಷರತ್ತು ಅದರಲ್ಲಿದೆ. ಆ ನೀಲಿ ಬರುತ್ತಿದ್ದದ್ದು ಇಂದಿನ ಆಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಪಿಸ್ ಲಾಜುಲಿ ಕಲ್ಲಿನಿಂದ. ಮೇರಿಯ ಮೇಲುಹೊದಿಕೆಯ ಬಣ್ಣ ಎಲ್ಲರೂ ಬೆಲೆ ಬಲ್ಲ ಕಾಣಿಕೆಯಾಗಿತ್ತು. ಇತ್ತ ಆಲ್ಬೆರ್ಟಿಯೋ, ಚಿನ್ನದ ಹೊಳಪನ್ನು ಚಿನ್ನ ಬಳಸದೆ ಬರಿಯ ಬಣ್ಣದಿಂದ ತೋರಿಸುವವನಿಗೇ ಹೆಚ್ಚಿನ ಮೆಚ್ಚುಗೆ ಸಲ್ಲಬೇಕೆಂದು ಬರೆದ. ವಸ್ತುವಿನ ಬೆಲೆಯಿಂದ ಕೈಯ ಬೆಲೆಯ ಕಡೆಗೆ ಅಭಿರುಚಿ ನಿಧಾನವಾಗಿ ಸರಿಯಿತು. ಹದಿನೈದನೆಯ ಶತಮಾನದ ಬದಲಾವಣೆಗಳಲ್ಲಿ ಇದೇ ಹಿರಿದು ಎಂದು ನನ್ನ ಅಭಿಪ್ರಾಯ. ಆದರೆ ಹೊಸ ಕೈಗಳು ಹಳೆಯ ಕೈಗಳಿಗಿಂತ ಉತ್ತಮವಾಗಿದ್ದವು ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಮುಂದಿನ ಕಂತುಗಳಲ್ಲಿ ಹದಿನಾರು ಮತ್ತು ಹದಿನೇಳನೆಯ ಶತಮಾನಗಳು ಬರಲಿವೆ ಎಂದು ಪ್ರಕಟಿಸಿದ್ದೀರಿ. ಅಲ್ಲಿಯೂ ಬರಿಯ ಪ್ರತಿಭೆಗಳ ಸಾಲು ಬಾರದಿರಲಿ ಎಂದು ಕೋರುತ್ತೇನೆ. 1566ರಲ್ಲಿ ನೆದರ್ಲೆಂಡ್ಸ್ ಪ್ರದೇಶದ ಚರ್ಚುಗಳಲ್ಲಿ ಬಿಂಬಗಳು ಸಾಮೂಹಿಕವಾಗಿ ನಾಶವಾದದ್ದು, 1563ರ ಟ್ರೆಂಟ್ ಧರ್ಮಸಭೆಯ ಆದೇಶದ ನಂತರ ಕ್ಯಾಥೊಲಿಕ್ ಚರ್ಚು ಚಿತ್ರಗಳ ಮೇಲೆ ಕಣ್ಣಿಟ್ಟದ್ದು, 1573ರಲ್ಲಿ ವೆನಿಸ್ಸಿನ ಧರ್ಮವಿಚಾರಣಾ ಮಂಡಳಿ ವೆರೊನೇಸೆಯನ್ನು ಕರೆಸಿ, ಕ್ರಿಸ್ತನ ಕೊನೆಯ ಭೋಜನದಲ್ಲಿ ವಿದೂಷಕರಿಗೂ ಜರ್ಮನ್ ಸೈನಿಕರಿಗೂ ಏನು ಕೆಲಸ ಎಂದು ಪ್ರಶ್ನಿಸಿದ್ದು, ಅವನು ಚಿತ್ರದ ಹೆಸರನ್ನಷ್ಟೇ ‘ಲೇವಿಯ ಮನೆಯ ಔತಣ’ ಎಂದು ಬದಲಿಸಿ ಪಾರಾದದ್ದು, ಇವೆಲ್ಲ ಬರಲೇಬೇಕು. ಕಾರವಾಜ್ಜೊ ಬರೆದ ಮೇರಿಯ ಮರಣದ ಚಿತ್ರವನ್ನು ರೋಮಿನ ಪಾದ್ರಿಗಳು ಒಲ್ಲೆವೆಂದಾಗ, 1607ರಲ್ಲಿ ಚಿತ್ರಕಾರ ರೂಬೆನ್ಸನ ಸಲಹೆಯಂತೆ ಮಾಂಟುವಾದ ದೊರೆ ಅದನ್ನು ಕೊಂಡ. ಚರ್ಚಿಗೆ ಬೇಡವಾದದ್ದು ಸಂಗ್ರಹಕಾರನಿಗೆ ಬೇಕಾಗುವ ಹೊಸ ಕಾಲ ಅಲ್ಲಿ ಕಾಣಿಸುತ್ತದೆ. ಹೆಣ್ಣುಮಕ್ಕಳಿಗೆ ನಗ್ನ ಮಾದರಿಯನ್ನು ನೋಡಿ ಅಭ್ಯಾಸ ಮಾಡುವ ಅವಕಾಶವೇ ಬಹುಕಾಲ ಇರಲಿಲ್ಲ. 1768ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಅಕಾಡೆಮಿಯ ಸ್ಥಾಪಕ ಸದಸ್ಯೆಯರಾದ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್, ಸದಸ್ಯರು ಮಾದರಿಯ ಸುತ್ತ ನೆರೆದಿರುವ ಜೊಫಾನಿಯ ಸಮೂಹಚಿತ್ರದಲ್ಲಿ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಮಾತ್ರ ಇದ್ದಾರೆ. ಮೇಲೇರುವ ಮೆಟ್ಟಿಲುಗಳ ಕಥೆಯಲ್ಲಿ ಇವರಿಗೆ ಜಾಗ ಸಿಗುವುದಿಲ್ಲ, ಸಿಗಬೇಕು.

ಕೊನೆಯದಾಗಿ ಒಂದು ವಿನಂತಿ. ಚಿತ್ರಗಳ ಕೆಳಗೆ ಕಲಾವಿದನ ಹೆಸರು ಮತ್ತು ಇಸವಿಯ ಜೊತೆಗೆ ಯಾವ ವಸ್ತುವಿನಿಂದ ಮಾಡಿದ್ದು, ಅಳತೆ ಎಷ್ಟು, ಮೊದಲು ಎಲ್ಲಿತ್ತು ಎಂಬುದನ್ನೂ ದಯವಿಟ್ಟು ಮುದ್ರಿಸಿ. ಆರ್ನೊಲ್ಫಿನಿ ದಂಪತಿಯ ಹಲಗೆ ಸುಮಾರು 82 ಸೆಂ.ಮೀ. ಎತ್ತರದ್ದು, ಜೊಟ್ಟೊನ ಮೇರಿ ಸುಮಾರು 325 ಸೆಂ.ಮೀ. ಎತ್ತರದವಳು. ನಿಮ್ಮ ಪುಟದಲ್ಲಿ ಇಬ್ಬರೂ ಒಂದೇ ಅಳತೆಯಲ್ಲಿದ್ದರು. ವಾನ್ ಐಕ್ ಸೋದರರ ಗೆಂಟ್ ಬಲಿಪೀಠ ಚಿತ್ರದಿಂದ ನೀವು ಕೊಟ್ಟದ್ದು ನಡುವಿನ ಕುರಿಮರಿಯ ಭಾಗವೊಂದನ್ನೇ. 1432ರಲ್ಲಿ ಮುಗಿದ ಆ ಕೃತಿಗೆ ಮಡಚುವ ರೆಕ್ಕೆಗಳಿವೆ. ಮುಚ್ಚಿದಾಗ ಅದನ್ನು ಬರೆಸಿದ ಯೋಸ್ ವೀಡ್ ಮತ್ತು ಅವನ ಹೆಂಡತಿ ಎಲಿಸಬೆತ್, ಕಲ್ಲಿನ ಪ್ರತಿಮೆಗಳಂತೆ ಬೂದು ಬಣ್ಣದಲ್ಲಿ ಬರೆದ ಇಬ್ಬರು ಯೋಹಾನರ (ಸ್ನಾನಿಕನಾದ ಯೋಹಾನ ಮತ್ತು ಸುವಾರ್ತಿಕ ಯೋಹಾನ) ಎಡಬಲಗಳಲ್ಲಿ ಮಂಡಿಯೂರಿ ಕಾಣುತ್ತಾರೆ. ತೆರೆದಾಗಲೇ ಒಳಗಿನ ಕೆಂಪು, ಹಸಿರು, ನೀಲಿಗಳು ಕಾಣುವುದು. ಕೆಳಗಿನ ಹಲಗೆಗಳಲ್ಲಿ ಒಂದು 1934ರಲ್ಲಿ ಕಳವಾಗಿ ಇನ್ನೂ ಸಿಕ್ಕಿಲ್ಲ, ಅಲ್ಲಿ ಈಗಿರುವುದು ಅದರ ಪ್ರತಿ. ಮುಂದಿನ ವಾರ ಉತ್ತರದ ಕಲೆಯ ಬಗ್ಗೆ ಇನ್ನೊಂದು ಕಂತು ಬರುವುದಾದರೆ, ಆ ಕೃತಿಯ ಮುಚ್ಚಿದ ಮತ್ತು ತೆರೆದ ಎರಡೂ ಸ್ಥಿತಿಗಳನ್ನು ಅಳತೆಯ ಸಮೇತ ಒಂದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ